ಹಗ್ಗ ಹರಿಯುವ ಮುನ್ನ

ಬಾವಿಯ ನೀರು ಕುಡಿದು ಬೆಳೆದವರಿಗೆ ಸೇದುವ ಹಗ್ಗದ ವಿಚಾರವನ್ನು ಹೊಸದಾಗಿ ವರ್ಣಿಸಬೇಕಾದುದಿಲ್ಲ. ನಮ್ಮ ಅಜ್ಜಿಯವರು ವರ್ಷಕ್ಕೊಮ್ಮೆ, ಹಗ್ಗವು ಕಣ್ಣಿಗೆ ಇನ್ನೂ ಗಟ್ಟಿಯಾಗಿ ಕಾಣುತ್ತಿರುವಾಗಲೇ, ಅದನ್ನು ರಾಟೆಯಿಂದ ಇಳಿಸಿ ಕೊಟ್ಟಿಗೆಯ ಕೆಲಸಕ್ಕೆ ಕೊಟ್ಟು, ಹೊಸ ಹಗ್ಗವನ್ನು ಹಾಕಿಸುತ್ತಿದ್ದರು. “ಇದು ಇನ್ನೂ ಆರು ತಿಂಗಳು ಬರುತ್ತಿತ್ತಲ್ಲ” ಎಂದು ತಾತನವರು ಗೊಣಗುವುದುಂಟು. “ಬರುತ್ತಿತ್ತೋ ಏನೋ, ಬಾರದೆ ಹೋದರೆ ಬಾವಿಗೆ ಇಳಿಯುವವರು ಯಾರು?” ಎಂಬುದು ಅಜ್ಜಿಯವರ ಸಿದ್ಧ ಉತ್ತರ. ಪಕ್ಕದ ಮನೆಯವರಾದರೋ ಹಗ್ಗ ಹರಿದು ಕೊಡ ಮುಳುಗಿದ ಮೇಲೆ ನಮ್ಮ ಮನೆಗೆ ಪಾತಾಳಗರಡಿಯನ್ನು ಕೇಳಿಕೊಂಡು ಬರುತ್ತಿದ್ದರು.

ಈ ಹಳೆಯ ಸಂಗತಿ ನೆನಪಿಗೆ ಬರಲು ಕಾರಣವುಂಟು. ಕೆಲವು ತಿಂಗಳ ಹಿಂದೆ ನಮ್ಮ ಬಾಲ್ಯಸ್ನೇಹಿತರೊಬ್ಬರು ಕೈಯಲ್ಲಿ ಮಗನ ಪತ್ರವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಮಗನು ಅಮೆರಿಕದ ಓಹೈಓ ಪ್ರಾಂತದಲ್ಲಿ ಉದ್ಯೋಗಿ. ಅಲ್ಲಿ ಅವನು ಬಹುಕಾಲದ ಆಸೆಯಿಂದ 2002ನೆಯ ಇಸವಿಯ ಷೆವರ್ಲೆ ಕಾರ್ವೆಟ್ ಜೀ06 ಎಂಬ ವೇಗದ ಕಾರೊಂದನ್ನು ಹಳತಾಗಿ ಕೊಂಡಿದ್ದನು. ಕಾರು ಚೆನ್ನಾಗಿಯೇ ಓಡುತ್ತಿತ್ತು. ಹಾಗಿದ್ದೂ ಅದರ ಎಂಜಿನಿನಲ್ಲಿರುವ ಹದಿನಾರು ವಾಲ್ವು ಸ್ಪ್ರಿಂಗುಗಳನ್ನೂ ತೆಗೆದು ಹೊಸವನ್ನು ಹಾಕುವೆನೆಂದು ಬರೆದಿದ್ದನು.

“ಓಡುತ್ತಿರುವ ಯಂತ್ರವನ್ನು ಬಿಚ್ಚುವುದು ಯಾವ ಜಾಣತನವಯ್ಯ?” ಎಂದು ಸ್ನೇಹಿತರು ಕೇಳಿದರು. ಅವರ ಮಾತಿನಲ್ಲಿ ಅನುಭವವಿತ್ತು. ಯೌವನದಲ್ಲಿ ಅವರು ಸುಸ್ಥಿತಿಯಲ್ಲಿದ್ದ ಸ್ಕೂಟರನ್ನು, ‘ಒಮ್ಮೆ ನೋಡಿಬಿಡಿ’ ಎಂದು ಒಂದು ದುರಸ್ತಿ ಅಂಗಡಿಗೆ ಕೊಟ್ಟಿದ್ದರು. ಅಲ್ಲಿಂದ ಹಿಂದಿರುಗಿದ ಮೇಲೆ ಅದು ಎಂದಿಗೂ ಮೊದಲಿನಂತಾಗಲಿಲ್ಲ. “ನೀನಾದರೂ ಅವನಿಗೆ ನಾಲ್ಕು ಮಾತು ಬುದ್ಧಿ ಹೇಳಿ ಬರೆ” ಎಂದು ಪತ್ರವನ್ನು ನಮ್ಮ ಮುಂದಿಟ್ಟರು. ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯಬೇಕಷ್ಟೆ. ಆದಕಾರಣ ಈ ಸ್ಪ್ರಿಂಗು ಎಂಬುದು ಅಲ್ಲಿ ಮಾಡುವ ಊಳಿಗವೇನೆಂಬುದನ್ನು ವಿಚಾರಿಸಿದೆವು. ತಿಳಿದುದನ್ನು ವಾಚಕರ ಮುಂದೆಯೂ ಇಡುತ್ತೇವೆ.

ಎಂಜಿನು ಉಸಿರಾಡುವ ಯಂತ್ರ. ಈ ಕಾರಿನಲ್ಲಿ ಎಂಟು ಸಿಲಿಂಡರುಗಳಿದ್ದು, ಒಂದೊಂದಕ್ಕೂ ಎರಡೆರಡು ಬಾಗಿಲು. ಒಂದರಿಂದ ಗಾಳಿಯೂ ಪೆಟ್ರೋಲೂ ಒಳಗೆ ಬರಬೇಕು. ಇನ್ನೊಂದರಿಂದ ಉರಿದ ಹೊಗೆ ಹೊರಗೆ ಹೋಗಬೇಕು. ಈ ಬಾಗಿಲುಗಳೇ ವಾಲ್ವುಗಳು. ಉದ್ದ ಕಾಲಿನ ಅಣಬೆಯನ್ನು ತಲೆಕೆಳಗು ಮಾಡಿದಂತೆ ಅವುಗಳ ಆಕಾರ. ಎಂಜಿನಿನ ನಡುವೆ ತಿರುಗುವ ಕ್ಯಾಮ್ ದಂಡದ ಉಬ್ಬು ಒಂದು ಉಕ್ಕಿನ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಕಡ್ಡಿಯು ರಾಕರ್ ಎಂಬ ತುಂಡಿನ ಒಂದು ತುದಿಯನ್ನು ಎತ್ತುತ್ತದೆ. ಏತದ ಮರದಂತೆ ಅದರ ಇನ್ನೊಂದು ತುದಿಯು ಕೆಳಗಿಳಿದು ವಾಲ್ವನ್ನು ಒತ್ತಿ ತೆರೆಯುತ್ತದೆ. ತೆರೆಯುವ ಕೆಲಸ ಇಷ್ಟಕ್ಕೆ ಮುಗಿಯಿತು. ಆದರೆ ತೆರೆದ ಬಾಗಿಲನ್ನು ಮುಚ್ಚುವವರು ಯಾರು? ಕ್ಯಾಮಿಗೆ ತಳ್ಳುವುದು ಗೊತ್ತೇ ಹೊರತು ಎಳೆಯುವುದು ಗೊತ್ತಿಲ್ಲ. ಮುಚ್ಚುವ ಹೊಣೆಯೆಲ್ಲವೂ ವಾಲ್ವಿನ ಕಾಲನ್ನು ಸುತ್ತಿಕೊಂಡಿರುವ ಆ ಉಕ್ಕಿನ ಸುರುಳಿಯದು.

ಈ ಊಳಿಗ ಎಷ್ಟು ಕಠಿನವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎಂಜಿನಿನ ಮುಖ್ಯ ದಂಡವು ಎರಡು ಸುತ್ತು ತಿರುಗಿದರೆ ಕ್ಯಾಮ್ ದಂಡವು ಒಂದು ಸುತ್ತು ತಿರುಗುತ್ತದೆ. ಸುತ್ತಿಗೊಮ್ಮೆ ಪ್ರತಿಯೊಂದು ಸ್ಪ್ರಿಂಗೂ ಅದುಮಲ್ಪಡುತ್ತದೆ. ಸಾಧಾರಣ ಓಟದಲ್ಲಿ, ನಿಮಿಷಕ್ಕೆ 2500 ಸುತ್ತು ಎಂದಿಟ್ಟುಕೊಂಡರೂ, ನಿಮಿಷಕ್ಕೆ 1250 ಸಲ, ಗಂಟೆಗೆ 75,000 ಸಲ. ಗಂಟೆಗೆ 50 ಕಿಲೋಮೀಟರಿನಂತೆ ಒಂದು ಲಕ್ಷ ಕಿಲೋಮೀಟರು ಓಡಲು 2000 ಗಂಟೆ ಬೇಕು. ಅಷ್ಟರಲ್ಲಿ ಒಂದೊಂದು ಸ್ಪ್ರಿಂಗೂ 15 ಕೋಟಿ ಸಲ ಕುಗ್ಗಿ ಹಿಗ್ಗಿರುತ್ತದೆ. ಈ ಕಾರಿನ ಎಂಜಿನಾದರೋ ನಿಮಿಷಕ್ಕೆ 6500 ಸುತ್ತಿನವರೆಗೆ ಏರತಕ್ಕದ್ದು. ಆಗ ಸ್ಪ್ರಿಂಗು ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ಅದುಮಲ್ಪಟ್ಟು ಬಿಡುಗಡೆಯಾಗುತ್ತದೆ. ಇದೆಲ್ಲ ನಡೆಯುವುದು ಕುದಿಯುವ ನೀರಿನಷ್ಟು ಕಾದ ಎಣ್ಣೆಯ ನಡುವೆ!

ಸ್ಪ್ರಿಂಗು ಎರಡು ವಿಧವಾಗಿ ಕೆಡಬಹುದು. ಮೊದಲನೆಯದು ಸಡಿಲಿಕೆ. ಬಲವು ಮೆಲ್ಲಮೆಲ್ಲನೆ ಕುಂದಿ, ವೇಗವಾಗಿ ತಿರುಗುವಾಗ ವಾಲ್ವು ಕ್ಯಾಮಿನ ಬೆನ್ನು ಹತ್ತಲಾರದೆ ತಡವಾಗಿ ಮುಚ್ಚಿಕೊಳ್ಳುತ್ತದೆ. ಎಂಜಿನು ಮುಗ್ಗರಿಸುತ್ತದೆ, ಶಕ್ತಿ ಇಳಿಯುತ್ತದೆ. ಎಚ್ಚರವುಳ್ಳ ಚಾಲಕನಿಗೆ ಇದು ಮುನ್ಸೂಚನೆ. ಎರಡನೆಯದು ಮುರಿತ. ಇದಕ್ಕೆ ಸಾಮಾನ್ಯವಾಗಿ ಮುನ್ಸೂಚನೆಯೇ ಇರುವುದಿಲ್ಲ. ಮುರಿದ ಸ್ಪ್ರಿಂಗಿನ ವಾಲ್ವು ತೆರೆದೇ ಉಳಿಯಬಹುದು. ಹಿಡಿತ ಪೂರ್ತಿ ತಪ್ಪಿದರೆ ಸಿಲಿಂಡರಿನೊಳಕ್ಕೇ ಬೀಳಬಹುದು. ಮೇಲೇರಿ ಬರುವ ಪಿಸ್ಟನ್ನು ಅದಕ್ಕೆ ಬಡಿಯುತ್ತದೆ. ಕ್ಷಣಾರ್ಧದಲ್ಲಿ ವಾಲ್ವು ಬಾಗಿ, ಪಿಸ್ಟನ್ನು ಒಡೆದು, ಸಿಲಿಂಡರಿನ ಗೋಡೆ ಗೀರಿಹೋಗುತ್ತದೆ. ಅಂಗೈಯಲ್ಲಿ ಅಡಗುವ ಒಂದು ಸುರುಳಿಯ ಸಾವಿಗೆ ಇಡೀ ಎಂಜಿನು ಸಹಗಮನ ಮಾಡಿದಂತಾಗುತ್ತದೆ.

ಉಕ್ಕು ಹೀಗೆ ಮುರಿಯುವುದೇಕೆ? ತಂತಿಯೊಂದನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಅದು ಕೊನೆಗೆ ತುಂಡಾಗುವುದನ್ನು ಮಕ್ಕಳೂ ಬಲ್ಲರು. ಒಂದು ಸಲಕ್ಕೆ ಏನೂ ಮಾಡದ ಭಾರವೇ ಸಾವಿರಾರು ಸಲ ಬಂದರೆ ಲೋಹವನ್ನು ಬಳಲಿಸುತ್ತದೆ. ಜರ್ಮನಿಯ ಔಗುಸ್ಟ್ ವೂಲರ್ ಎಂಬ ರೈಲ್ವೆ ಎಂಜಿನಿಯರು 1850 ಮತ್ತು 1860ರ ದಶಕಗಳಲ್ಲಿ ರೈಲುಗಾಡಿಗಳ ಅಚ್ಚುಗಳನ್ನು ಪರೀಕ್ಷಿಸಿ ಇದನ್ನು ಶಾಸ್ತ್ರವಾಗಿ ವಿವರಿಸಿದನು. ಬಳಲಿಕೆಯ ಬಿರುಕು ಬಹುಮಟ್ಟಿಗೆ ಹೊರಮೈಯಲ್ಲಿ, ಒಂದು ಗೀರಿನಲ್ಲಿಯೋ ಉಕ್ಕಿನಲ್ಲಿ ಸಿಕ್ಕಿಕೊಂಡ ಕಸದ ಕಣದಲ್ಲಿಯೋ ಹುಟ್ಟುತ್ತದೆ. ಆದಕಾರಣ ಸ್ಪ್ರಿಂಗಿನ ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಬಡಿಸಿ ಗಟ್ಟಿಮಾಡುತ್ತಾರೆ. ಹೀಗೆ ಬಿಗಿದ ಮೈಯಲ್ಲಿ ಬಿರುಕು ಸುಲಭವಾಗಿ ಬಾಯಿ ತೆರೆಯಲಾರದು. ಆದರೂ ಲಕ್ಷ ಸ್ಪ್ರಿಂಗುಗಳಲ್ಲಿ ಯಾವುದೋ ಒಂದರೊಳಗೆ ಕಣವೊಂದು ಅಡಗಿ ಉಳಿಯದೆಂದು ಹೇಳಬಲ್ಲವರಾರು?

ಸ್ಪ್ರಿಂಗಿನ ಮೇಲಿನ ಈ ಅಪನಂಬಿಕೆ ಹೊಸದಲ್ಲ. 1954ರಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆಯವರು ಪಂದ್ಯಕ್ಕಿಳಿಸಿದ ಕಾರಿನಲ್ಲಿ ವಾಲ್ವನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಕ್ಯಾಮನ್ನೇ ಬಳಸಿದರು. 1980ರ ದಶಕದಲ್ಲಿ ರೆನೋ ಸಂಸ್ಥೆಯವರು ತಮ್ಮ ಪಂದ್ಯದ ಎಂಜಿನುಗಳಲ್ಲಿ ಉಕ್ಕಿನ ಸುರುಳಿಯ ಬದಲು ಒತ್ತಿದ ಗಾಳಿಯಿಂದ ವಾಲ್ವನ್ನು ಮುಚ್ಚಿಸಿದರು. ಇವು ಶ್ರೀಮಂತರ ಉಪಾಯಗಳು. ಬೀದಿಯ ಕಾರುಗಳಿಗೆ ಇಂದಿಗೂ ಸುರುಳಿಯೇ ಗತಿ.

ಈಗ ನಮ್ಮ ಸ್ನೇಹಿತರ ಮಗನ ಕಾರಿಗೆ ಬರೋಣ. ಕಾರ್ವೆಟ್ ಕಾರು ಕೆಂಟಕಿ ಪ್ರಾಂತದ ಬೌಲಿಂಗ್ ಗ್ರೀನ್ ಪಟ್ಟಣದಲ್ಲಿ ತಯಾರಾಗತಕ್ಕದ್ದು. 2001ರಲ್ಲಿ 385 ಕುದುರೆಶಕ್ತಿಯಿದ್ದ ಜೀ06ರ 5.7 ಲೀಟರಿನ ಎಂಜಿನಿಗೆ 2002ರಲ್ಲಿ 405 ಕುದುರೆಶಕ್ತಿಯನ್ನು ಕೊಟ್ಟರು. ಅದಕ್ಕಾಗಿ ಮಾಡಿದ ಮಾರ್ಪಾಟುಗಳಲ್ಲಿ ವಾಲ್ವು ಇನ್ನಷ್ಟು ಅಗಲವಾಗಿ, ಸುಮಾರು 14 ಮಿಲಿಮೀಟರಿನಷ್ಟು, ತೆರೆಯುವಂತೆ ಮಾಡಿದುದೂ ಒಂದು. ಹೆಚ್ಚು ತೆರೆದರೆ ಸ್ಪ್ರಿಂಗು ಹೆಚ್ಚು ಕುಗ್ಗಬೇಕು. ಈ ಎಂಜಿನುಗಳಲ್ಲಿ ಕೆಲವೆಡೆ ಸ್ಪ್ರಿಂಗು ಮುರಿದ ವರ್ತಮಾನವು ಕಾರಿನ ಒಡೆಯರ ಬಳಗದಲ್ಲಿ ಎಲ್ಲರಿಗೂ ತಿಳಿದುದೇ. ಹೆಚ್ಚಿನ ಕಾರುಗಳು ಯಾವ ತೊಂದರೆಯೂ ಇಲ್ಲದೆ ಓಡಿವೆ ಎಂಬುದೂ ಅಷ್ಟೇ ನಿಜ. ಆದರೆ ತನ್ನ ಕಾರು ಯಾವ ಗುಂಪಿಗೆ ಸೇರಿದ್ದೆಂದು ಹೊರಗಿನಿಂದ ನೋಡಿ ಹೇಳುವ ಉಪಾಯವಿಲ್ಲ.

ಹಾಗೆಂದು ಭಯಪಟ್ಟು ಎಂಜಿನಿನ ಎಲ್ಲ ಭಾಗಗಳನ್ನೂ ಬದಲಾಯಿಸುತ್ತ ಕುಳಿತರೆ ಹೊಸ ಕಾರನ್ನೇ ಕೊಳ್ಳಬಹುದು! ಮುಂಜಾಗ್ರತೆಗೂ ಒಂದು ಮಿತಿ ಬೇಕು. ನಮಗೆ ತೋರಿದ ಅಳತೆ ಇದು. ಆ ಭಾಗವು ಕೆಡುವುದೆಂಬ ಪ್ರತೀತಿ ಇದೆಯೇ? ಕೆಡುವ ಮುನ್ನ ಎಚ್ಚರಿಕೆ ಕೊಡದೆ ಇರುತ್ತದೆಯೇ? ಕೆಟ್ಟರೆ ತನ್ನ ಬೆಲೆಗಿಂತ ಹಲವು ಪಾಲು ಹೆಚ್ಚಿನ ಹಾನಿಯನ್ನು ಮಾಡುತ್ತದೆಯೇ? ಬದಲಾಯಿಸುವ ಕೆಲಸದಲ್ಲಿ ಹೊಸ ಕೇಡನ್ನು ತಂದುಕೊಳ್ಳುವ ಸಂಭವ ಕಡಮೆಯೇ? ನಾಲ್ಕಕ್ಕೂ ‘ಹೌದು’ ಎಂದು ಉತ್ತರ ಬಂದರೆ ಬದಲಾಯಿಸುವುದೇ ಲೇಸು. ಒಂದಕ್ಕೆ ‘ಅಲ್ಲ’ ಎಂದು ಬಂದರೂ ಕೈ ತಡೆದು ಯೋಚಿಸಬೇಕು. ಮೊದಲ ಮೂರಕ್ಕೆ ಈ ಸ್ಪ್ರಿಂಗಿನ ಮಟ್ಟಿಗೆ ಉತ್ತರ ಸಿಕ್ಕಿತು. ನಾಲ್ಕನೆಯದು ನಮ್ಮ ಸ್ನೇಹಿತರ ಸ್ಕೂಟರಿನ ಪ್ರಶ್ನೆ; ಅದನ್ನೇ ಮಗನಿಗೆ ಬರೆದು ಕೇಳಿದೆವು.

ಅವನ ಉತ್ತರ ಸವಿಸ್ತಾರವಾಗಿ ಬಂತು. ಈ ಎಂಜಿನಿನಲ್ಲಿ ಸಿಲಿಂಡರುಗಳ ತಲೆಯನ್ನು ಬಿಚ್ಚದೆಯೇ ಸ್ಪ್ರಿಂಗನ್ನು ಬದಲಾಯಿಸಬಹುದಂತೆ. ತೊಂದರೆಯೆಂದರೆ ಒಂದೇ: ಸ್ಪ್ರಿಂಗನ್ನು ತೆಗೆದೊಡನೆ ವಾಲ್ವಿಗೆ ಆಧಾರ ತಪ್ಪಿ ಅದು ಸಿಲಿಂಡರಿನೊಳಕ್ಕೆ ಜಾರುತ್ತದೆ. ಇದಕ್ಕೆ ಹಳೆಯ ಕುಶಲಿಗಳು ಕಂಡುಕೊಂಡ ಉಪಾಯವನ್ನು ಕೇಳಿದರೆ ವಾಚಕರಿಗೆ ನಗು ಬರುವುದು. ಅದು ಹಗ್ಗ! ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಮೆತ್ತನೆಯ ಹಗ್ಗವನ್ನು ಸಿಲಿಂಡರಿನೊಳಕ್ಕೆ ತುಂಬಿ, ತುದಿಯನ್ನು ಹೊರಗೇ ಬಿಟ್ಟು, ಪಿಸ್ಟನ್ನನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆ ತಿರುಗಿಸಿದರೆ ಹಗ್ಗದ ಉಂಡೆಯು ಎರಡು ವಾಲ್ವುಗಳನ್ನೂ ಒತ್ತಿ ಹಿಡಿಯುತ್ತದೆ. ಒತ್ತಿದ ಗಾಳಿಯನ್ನು ತುಂಬಿ ಹಿಡಿಯುವುದು ಇನ್ನೊಂದು ಕ್ರಮ. ಗಾಳಿ ಸೋರಿಹೋಗಬಹುದು, ಹಗ್ಗ ಸೋರುವುದಿಲ್ಲವಾದುದರಿಂದ ಅವನು ಹಗ್ಗವನ್ನೇ ಆರಿಸಿಕೊಂಡನು.

ಕೆಲಸಕ್ಕೆ ಒಂದು ಶನಿವಾರವೂ ಭಾನುವಾರವೂ ಹಿಡಿದುವು. ಎಂಜಿನು ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ತಂತಿಯನ್ನು ಬಿಡಿಸಿ, ಮೇಲಿನ ಮುಚ್ಚಳಗಳನ್ನೂ ಪ್ಲಗ್ಗುಗಳನ್ನೂ ತೆಗೆದಿಟ್ಟನು. ರಾಕರುಗಳನ್ನು ಬಿಚ್ಚಿದಂತೆಲ್ಲ ಒಂದೊಂದನ್ನೂ ಅದರ ಕಡ್ಡಿಯನ್ನೂ ಸಾಲಾಗಿ ಗುರುತು ಹಾಕಿದ ಹಲಗೆಯ ಮೇಲೆ ಜೋಡಿಸಿದನು. ಯಾವುದು ಎಲ್ಲಿತ್ತೋ ಅಲ್ಲಿಗೇ ಹಿಂದಿರುಗಬೇಕು. ಎಣ್ಣೆ ಇಳಿಯುವ ರಂಧ್ರಗಳಿಗೆಲ್ಲ ಶುಭ್ರವಾದ ಬಟ್ಟೆಯನ್ನು ತುರುಕಿದನು. ಏತಕ್ಕೆಂದರೆ ಸ್ಪ್ರಿಂಗಿನ ತಟ್ಟೆಯನ್ನು ಹಿಡಿದಿಡುವ ಎರಡು ಚೂರುಗಳು ಹುರಿಗಡಲೆಯ ಬೇಳೆಯಷ್ಟೇ ಸಣ್ಣವು. ಜಾರಿ ಒಳಗೆ ಬಿದ್ದರೆ ಎಂಜಿನಿನ ತಳವನ್ನೇ ಬಿಚ್ಚಬೇಕಾದೀತು. ಅದುಮುವ ಸಲಕರಣೆಯಿಂದ ಸ್ಪ್ರಿಂಗನ್ನು ಕುಗ್ಗಿಸಿ, ಆ ಚೂರುಗಳನ್ನು ಅಯಸ್ಕಾಂತದಿಂದ ಎತ್ತಿಕೊಂಡು, ಹಳೆಯದನ್ನು ಹೊರತೆಗೆದನು. ಅದೇ ಹೊತ್ತಿಗೆ ಎಣ್ಣೆಯನ್ನು ತಡೆಯುವ ರಬ್ಬರಿನ ಬಿರಡೆಗಳನ್ನೂ ಹೊಸದಾಗಿ ಹಾಕಿದನು. ಅವು ಕೆಟ್ಟರೆ ಮತ್ತೆ ಇಷ್ಟನ್ನೂ ಬಿಚ್ಚಬೇಕಲ್ಲವೆ? ಒಂದು ಸಿಲಿಂಡರು ಪೂರ್ತಿ ಮುಗಿದು, ಚೂರುಗಳೆರಡೂ ಸರಿಯಾಗಿ ಕುಳಿತಿವೆಯೆಂದು ಕಣ್ಣಾರೆ ಕಂಡು, ಹಗ್ಗವನ್ನು ಹೊರಗೆಳೆದ ಬಳಿಕವೇ ಇನ್ನೊಂದಕ್ಕೆ ಕೈಯಿಟ್ಟನು. ರಾಕರುಗಳ ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಹೇಳಿದಷ್ಟೇ ಬಿಗಿದನು.

ಭಾನುವಾರ ಸಂಜೆ ಎಂಜಿನು ಮೊದಲ ಪ್ರಯತ್ನಕ್ಕೇ ಚಾಲೂ ಆಯಿತು. ಹಳೆಯ ಹದಿನಾರು ಸ್ಪ್ರಿಂಗುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ತೆಗೆದ ಛಾಯಾಚಿತ್ರವನ್ನೂ ತಂದೆಗೆ ಕಳುಹಿಸಿದ್ದನು. ಬಲವನ್ನು ಅಳೆದಾಗ ಎರಡು ಉಳಿದವಕ್ಕಿಂತ ಸ್ವಲ್ಪ ಸಡಿಲವಾಗಿದ್ದುವಂತೆ. ಮುರಿದುದು ಒಂದೂ ಇರಲಿಲ್ಲ. ಬಿರುಕು ಬಿಟ್ಟುದೂ ಇರಲಿಲ್ಲ.

ಸ್ನೇಹಿತರು ಚಿತ್ರವನ್ನು ನಮಗೆ ತೋರಿಸಿ, “ನೋಡಿದೆಯಾ? ಎಲ್ಲವೂ ನೆಟ್ಟಗೇ ಇದ್ದುವು. ದುಡ್ಡೂ ಎರಡು ದಿನದ ದುಡಿಮೆಯೂ ದಂಡವಾದುವಲ್ಲ!” ಎಂದರು. ಮುಂಜಾಗ್ರತೆಯ ಕಷ್ಟವೆಲ್ಲ ಇಲ್ಲಿಯೇ ಇದೆ. ರೋಗ ವಾಸಿಯಾದರೆ ಔಷಧದ ಗುಣ ಕಾಣುತ್ತದೆ. ಬಾರದೆ ಹೋದ ರೋಗಕ್ಕೆ ಯಾರನ್ನು ಹೊಗಳುವುದು? ನಮ್ಮ ಅಜ್ಜಿಯವರ ಕಾಲದಲ್ಲಿ ನಮ್ಮ ಮನೆಯ ಕೊಡ ಬಾವಿಗೆ ಬಿದ್ದುದನ್ನು ನಾವು ಕಂಡಿಲ್ಲ. ಅದಕ್ಕಾಗಿ ಯಾರೂ ಅವರನ್ನು ಕೊಂಡಾಡಲೂ ಇಲ್ಲ. ಕೊಂಡಾಟವೆಲ್ಲ ಪಾತಾಳಗರಡಿಯಿಂದ ಕೊಡವನ್ನು ಎತ್ತಿಕೊಟ್ಟವರಿಗೆ!

ಇದನ್ನು ಹೇಳಿದಾಗ ಸ್ನೇಹಿತರು ಕೊಂಚ ಹೊತ್ತು ಸುಮ್ಮನಿದ್ದು, “ನನ್ನ ಸ್ಕೂಟರನ್ನು ಬಿಚ್ಚಿದವನು ಹೀಗೆ ಹಲಗೆಯ ಮೇಲೆ ಜೋಡಿಸಿಡಲಿಲ್ಲ” ಎಂದರು. ತಪ್ಪು ಬಿಚ್ಚಿದುದರಲ್ಲಿರಲಿಲ್ಲ, ಬಿಚ್ಚಿದ ರೀತಿಯಲ್ಲಿತ್ತು ಎಂದು ಅವರೇ ತೀರ್ಮಾನಕ್ಕೆ ಬಂದಂತೆ ನಮಗೆ ತೋರಿತು.

ವಾಚಕರಲ್ಲಿ ಕಾರ್ವೆಟ್ ಉಳ್ಳವರು ವಿರಳ. ಆದರೆ ಒಲೆಯಿಲ್ಲದ ಮನೆಯಿಲ್ಲ. ಗ್ಯಾಸಿನ ಒಲೆಗೆ ಹೋಗುವ ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬ ನಿಯಮವಿದೆ. ಅವಧಿಯು ಕೊಳವೆಯ ಮೈಮೇಲೆಯೇ ಅಚ್ಚಾಗಿರುತ್ತದೆ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಆ ಕೊಳವೆಗೂ, ಪ್ರೆಷರ್ ಕುಕ್ಕರಿನ ಸುರಕ್ಷಾ ವಾಲ್ವಿಗೂ ಹಾಕಿ ನೋಡಿರಿ. ‘ಇನ್ನೂ ಆರು ತಿಂಗಳು ಬರುತ್ತಿತ್ತಲ್ಲ’ ಎಂದು ಗೊಣಗುವವರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಿರುತ್ತಾರೆ. ಅವರಿಗೆ ಕೊಡತಕ್ಕ ಉತ್ತರವು ಈಗ ತಮಗೆ ಗೊತ್ತೇ ಇದೆ.