ಇ-20 ಪೆಟ್ರೋಲು ಮತ್ತು ಹಳೆಯ ಕಾರಿನ ಮಾಲಕರ ಪ್ರಶ್ನೆಗಳು

ವಾಹನ ಸಾಲದ ಮೇಜಿನೆದುರು ಕುಳಿತವರು ಬಡ್ಡಿದರಕ್ಕಿಂತ ಮೊದಲು ಮೈಲೇಜಿನ ಮಾತೆತ್ತುವ ಕಾಲವಿದು. ಸಂಘದ ಸಭೆಗಳಲ್ಲೂ ಅದೇ ಪ್ರಶ್ನೆ: "ಇ-20 ಬಂದ ಮೇಲೆ ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ, ಏನಾದರೂ ಮಾಡಿಸಬಹುದೇ?"

ಶೇಕಡಾ 20ರಷ್ಟು ಎಥೆನಾಲ್ ಬೆರೆತ ಈ ಇಂಧನವು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಗೊಂಡಿತು. 2030ಕ್ಕೆಂದು ಇರಿಸಿಕೊಂಡಿದ್ದ ಗುರಿಯನ್ನು ದೇಶವು 2025ರಲ್ಲಿಯೇ ಮುಟ್ಟಿತು. ಕಬ್ಬು ಬೆಳೆಗಾರರಿಗೂ ವಿದೇಶಿ ವಿನಿಮಯಕ್ಕೂ ಇದರಿಂದ ಒಳಿತಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಇಂಧನ ಕ್ಷಮತೆಯು ಶೇ. 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಲೀಟರಿಗೆ 15 ಕಿ.ಮೀ. ಓಡುತ್ತಿದ್ದ ಕಾರು ಶೇ. 6ರಷ್ಟು ಸೋತರೆ, ವರ್ಷಕ್ಕೆ 10,000 ಕಿ.ಮೀ. ಓಡಿಸುವ ಕುಟುಂಬಕ್ಕೆ 42 ಲೀಟರ್ ಹೆಚ್ಚು ಬೇಕು. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ಸಾವಿರ ದಾಟುತ್ತದೆ.

ಎಂಜಿನ್ನಿನ ಗಣಕ ಘಟಕವನ್ನು ತಿದ್ದಿಸಿದರೆ ಈ ನಷ್ಟ ತುಂಬೀತೇ? ಇಂಜೆಕ್ಷನ್ ವ್ಯವಸ್ಥೆಯ ಕಾರು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಂಧನದ ಪ್ರಮಾಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಟರ್ಬೋ ಇಲ್ಲದ ಸಾಧಾರಣ ಎಂಜಿನ್ನಿಗೆ ತಿದ್ದುಪಡಿಯಿಂದ ದೊರೆಯುವುದು ಅತ್ಯಲ್ಪ. ವಾರಂಟಿ ಮಾತ್ರ ಕೈತಪ್ಪಬಹುದು. ಆ ಹಣದಲ್ಲಿ ರಬ್ಬರಿನ ಇಂಧನ ಕೊಳವೆಗಳನ್ನು ಪರೀಕ್ಷಿಸಿ ಬದಲಾಯಿಸುವುದು ಲೇಸು. ಎಥೆನಾಲ್ ನೀರಿನ ಅಂಶವನ್ನು ಹೀರಿಕೊಳ್ಳುವುದರಿಂದ, ಮಳೆಗಾಲವಿಡೀ ಕಟ್ಟಡದ ಕೆಳಗೆ ನಿಂತೇ ಇರುವ ಕಾರುಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ.

ಇನ್ನು ವಿದ್ಯುತ್ತಿನ ವಿಚಾರ. ಮೇ ತಿಂಗಳಲ್ಲಿ ಕಾರಿನಲ್ಲಿಯೇ ಊರಿಗೆ ಹೊರಡುವ ಮುಂಬಯಿ, ಪುಣೆಯ ನಮ್ಮವರು ಘಾಟಿಯ ಕತ್ತಲೆಗೆ ಹೆದರಿ 60 ವಾಟಿನ ಬಲ್ಬಿನ ಜಾಗದಲ್ಲಿ 100 ವಾಟಿನದನ್ನು ಹಾಕಿಸುವುದುಂಟು. 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತಿದ್ದ ತಂತಿಯಲ್ಲಿ ಆಗ 8ಕ್ಕೂ ಹೆಚ್ಚು ಹರಿಯುತ್ತದೆ. ತಂತಿಯ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು ಮೂರು ಪಟ್ಟಾಗುತ್ತದೆ. ಬೆಂಕಿಗೆ ಇದೇ ದಾರಿ. ರಿಲೇ, ಪ್ರತ್ಯೇಕ ತಂತಿ ಮತ್ತು ಫ್ಯೂಸ್ ಹಾಕಿಸಿದರೆ ತಂತಿ ಉಳಿದೀತು. ಎದುರು ಬರುವ ಚಾಲಕನ ಕಣ್ಣು ಕೋರೈಸುವುದು ತಪ್ಪದು. ಹಳದಿಗಟ್ಟಿದ ದೀಪದ ಮುಚ್ಚಳವನ್ನು ಉಜ್ಜಿಸಿ, ತುಕ್ಕು ಹಿಡಿದ ಅರ್ಥ್ ಜೋಡಣೆಯನ್ನು ಸರಿಪಡಿಸಿದರೆ ಎಷ್ಟೋ ಕಾರುಗಳಲ್ಲಿ ಬೇಕಾದಷ್ಟು ಬೆಳಕು ಮರಳುತ್ತದೆ.

ಕಾನೂನೂ ಕಟ್ಟುನಿಟ್ಟಾಗಿದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶ ಕಲ್ಪಿಸಿತು. ವಿಮಾ ಕಂಪೆನಿಗೆ ತಿಳಿಸದೆ ಮಾಡಿಸಿದ ಬದಲಾವಣೆಯಂತೂ ಪರಿಹಾರದ ವೇಳೆ ತಕರಾರಿಗೆ ಕಾರಣವಾಗುತ್ತದೆ.

ವಿಪರ್ಯಾಸವಿರುವುದು ಇಲ್ಲಿಯೇ. ಬಲ್ಬು ಬದಲಿಸುವ ಮಾಲಕನಿಗೆ ತಯಾರಕರ ವಿವರಗಳನ್ನು ತೋರಿಸಲಾಗುತ್ತದೆ. ಆದರೆ ಆ ವಿವರಗಳಲ್ಲಿ ಇಲ್ಲದ ಇಂಧನವನ್ನು ಅವನ ಟ್ಯಾಂಕಿಗೆ ತುಂಬಲಾಗುತ್ತಿದೆ. ಎಥೆನಾಲ್ ರಹಿತ ಪೆಟ್ರೋಲಿನ ಆಯ್ಕೆ ಬೇಡಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಶಕ್ತಿ ಕಡಿಮೆಯಿರುವ ಈ ಇಂಧನದ ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕೆಳಗಿರಬೇಕೆಂದು 2021ರ ಅದೇ ವರದಿ ಸಲಹೆಯಿತ್ತಿತ್ತು. ಗುರಿಯನ್ನು ಐದು ವರ್ಷ ಮೊದಲೇ ತಲುಪಿದ ಉತ್ಸಾಹವು ಈ ಸಲಹೆಯ ಪಾಲಿಗೆ ಬರಲಿಲ್ಲ.