ದೊಡ್ಡಮ್ಮನ ಸಂಬಳ ಎಲ್ಲಿ ಹೋಯಿತು?

‘ಹುಡುಗಿ ಓದಲಿ, ಒಂದು ಕೆಲಸ ಹಿಡಿಯಲಿ, ಆಮೇಲೆ ಎಲ್ಲಾ ಸರಿಹೋಗುತ್ತೆ’ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಓದಬೇಕು, ದುಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರಿರುವುದು ಆ ‘ಎಲ್ಲಾ ಸರಿಹೋಗುತ್ತೆ’ ಬಗ್ಗೆ. ಜಿಂಬಾಬ್ವೆಯ ಲೇಖಕಿ ತ್ಸಿತ್ಸಿ ಡಾಂಗರೆಂಬ್ಗಾ ಅವರ ‘ನರ್ವಸ್ ಕಂಡೀಷನ್ಸ್’ (1988) ಓದಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗಿದೆ.

ಆ ದೇಶ ಇನ್ನೂ ರೊಡೇಷಿಯಾ ಆಗಿದ್ದ ಕಾಲದ ಕಥೆಯದು. ಹಳ್ಳಿ ಹುಡುಗಿ ತಾಂಬುವಿನ ಫೀಸಿಗೆ ಮನೆಯಲ್ಲಿ ದುಡ್ಡಿಲ್ಲ. ಅವಳು ಬೀಜ ಕೇಳಿ ಪಡೆದು ತಾನೇ ಮೆಕ್ಕೆಜೋಳ ಬೆಳೆಯುತ್ತಾಳೆ. ತೆನೆ ಕದ್ದು ಗೆಳೆಯರಿಗೆ ಹಂಚುವವನು ಸ್ವಂತ ಅಣ್ಣ! ಕೊನೆಗೂ ಫೀಸಿಗೆ ಹಣ ಸಿಕ್ಕರೆ, ಮಗಳ ದುಡ್ಡು ತನ್ನದೆಂದು ಅಪ್ಪ ಶಾಲೆಗೇ ಹೋಗುತ್ತಾನೆ. ದೊಡ್ಡಪ್ಪನ ಮಿಷನ್ ಶಾಲೆಯ ಬಾಗಿಲು ಅವಳಿಗೆ ತೆರೆಯುವುದು ಅಣ್ಣ ಸತ್ತ ಮೇಲೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ದೊಡ್ಡಮ್ಮ, ಮಾಯ್‌ಗುರು. ಶೋನಾ ಭಾಷೆಯ ಈ ಪದಕ್ಕೆ ಹೆಚ್ಚುಕಡಿಮೆ ಅದೇ ಅರ್ಥ. ನಮಗೂ ಅವಳು ಸಂಬಂಧದ ಹೆಸರಿನಿಂದಲೇ ಪರಿಚಯ. ಗಂಡ ಇಂಗ್ಲೆಂಡಿನಲ್ಲಿ ಓದಿಬಂದದ್ದನ್ನು ಊರೆಲ್ಲ ಕೊಂಡಾಡುತ್ತದೆ. ಅವಳಿಗೂ ಸ್ನಾತಕೋತ್ತರ ಪದವಿ ಇದೆಯೆಂದು ತಿಳಿದಾಗ ತಾಂಬುವಿಗೇ ಆಶ್ಚರ್ಯ. ಅವಳೂ ಶಿಕ್ಷಕಿ, ಅವಳಿಗೂ ಸಂಬಳ. ಆ ದುಡ್ಡು ಕುಟುಂಬದ ಖರ್ಚಿನಲ್ಲಿ ಕರಗುತ್ತದೆ, ಕೀರ್ತಿ ಮಾತ್ರ ಗಂಡನಿಗೆ. ಒಮ್ಮೆ ಸಿಟ್ಟಾಗಿ ಮನೆ ಬಿಡುತ್ತಾಳೆ, ಹೋಗುವುದು ಅಣ್ಣತಮ್ಮನ ಮನೆಗೆ. ಕೆಲವೇ ದಿನಗಳಲ್ಲಿ ಗಂಡ ಬಂದು ಕರೆದೊಯ್ಯುತ್ತಾನೆ.

ವಾಪಸ್ ಬಂದಳಲ್ಲ ಎಂದು ಕೆಲವರಿಗೆ ಸಿಟ್ಟು ಬರಬಹುದು. ನನಗೆ ಕಾದಂಬರಿಯ ಅತ್ಯಂತ ನಿಜವಾದ ಜಾಗ ಅದೇ ಅನಿಸಿತು. ಎಲ್ಲರೂ ವಾಪಸ್ ಬರುವುದಿಲ್ಲ ಅನ್ನಿ. ನೈಜೀರಿಯಾದ ಬೂಚಿ ಎಮೆಚೆಟಾ ಅವರ ‘ಸೆಕೆಂಡ್ ಕ್ಲಾಸ್ ಸಿಟಿಜನ್’ನಲ್ಲಿ (1974) ಅಡಾ ಲಂಡನ್ನಿನ ಗ್ರಂಥಾಲಯದಲ್ಲಿ ದುಡಿದು ಗಂಡನನ್ನು ಓದಿಸುತ್ತಾಳೆ. ಅವಳು ಬರೆದ ಹಸ್ತಪ್ರತಿಯನ್ನು ಆತ ಸುಟ್ಟುಹಾಕುತ್ತಾನೆ. ಅಡಾ ಮಕ್ಕಳೊಂದಿಗೆ ಹೊರಟೇಬಿಡುತ್ತಾಳೆ.

ನಮ್ಮಲ್ಲೂ ಕೆಲಸ ಸಿಕ್ಕ ಹುಡುಗಿಗೆ ‘ಪ್ಯಾಕೇಜ್ ಎಷ್ಟು?’ ಎಂದು ಎಲ್ಲರೂ ಕೇಳುತ್ತಾರೆ. ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ ಎಂದು ಕೇಳುವವರು ಕಡಿಮೆ.

ತಾಂಬು ಮುಂದೇನಾದಳು? 2018ರಲ್ಲಿ ಬಂದ ‘ದಿಸ್ ಮೋರ್ನಬಲ್ ಬಾಡಿ’ಯಲ್ಲಿ ಅವಳು ಪದವೀಧರೆ, ನಿರುದ್ಯೋಗಿ. ಜಾಹೀರಾತು ಕಂಪನಿಯಲ್ಲಿ ಅವಳು ಬರೆದ ಸಾಲುಗಳ ಶ್ರೇಯಸ್ಸು ಬಿಳಿಯ ಸಹೋದ್ಯೋಗಿಗಳಿಗೆ ಹೋಗುತ್ತಿತ್ತು, ಅದಕ್ಕೇ ರಾಜೀನಾಮೆ. ವಯಸ್ಸು ಮೀರಿದರೂ ಹರಾರೆಯ ಹಾಸ್ಟೆಲೊಂದರಲ್ಲಿದ್ದು, ಬಾಡಿಗೆಗೆ ಒಂದು ರೂಮು ಹುಡುಕುತ್ತಿದ್ದಾಳೆ.