ಬೆಕ್ಕಿಗೆ ಕಾಡು, ನಮಗೆ?

ಬೆಂಗಳೂರಿನ ಗೋಡೆಗಳ ಮೇಲೆ ಸಾಕುಬೆಕ್ಕು ಚಿರತೆಯಾಗ್ತಿದೆ. ಮುದ್ದುನಾಯಿಯ ಬೆನ್ನ ಮೇಲೆ ಆಲದ ಮರ ಏಳ್ತಿದೆ. ನಗರಕ್ಕೆ ಕಾಡು ಮರಳಿ ಬರಬೇಕಂತೆ. ಬರಲಿ. ಬಣ್ಣದ ಮೇಲೆ ನಮಗೇನೂ ಹಗೆಯಿಲ್ಲ. ಆ ಬೆಕ್ಕಿನ ಮೀಸೆ ನೋಡಿ ನಮ್ಮ ಮಕ್ಕಳೂ ನಕ್ಕಿದ್ದಾವೆ.

ಆದರೆ ಸ್ವಾಮಿ, ನಿಮ್ಮ ಕಾಡಿನಲ್ಲಿ ಮನುಷ್ಯರೇ ಇಲ್ಲವಲ್ಲ, ಯಾಕೆ? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯ್ತು. ಅವನ್ನು ನುಂಗಿದ್ದು ಗುಡಿಸಲಲ್ಲ. ಆದರೂ ಕೆರೆ ಉಳಿಸಿ ಎಂದ ಕೂಡಲೇ ಮೊದಲು ಕಣ್ಣು ಬೀಳೋದು ಗುಡಿಸಲಿನ ಮೇಲೇ.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 2025ರ ಮೇ ತಿಂಗಳಲ್ಲಿ ಜೇನುಕುರುಬರು ನಾಗರಹೊಳೆಯ ಕರಡಿಕಲ್ಲಿನ ತಮ್ಮ ಹಾಡಿಗೆ ಮರಳಿ ಗುಡಿಸಲು ಹಾಕಿದರು. ಎದುರಿಗೆ ಬಂದು ನಿಂತದ್ದು ಅರಣ್ಯ ಇಲಾಖೆ, ಪೊಲೀಸರು. ಚಿರತೆ ನಗರಕ್ಕೆ ಮರಳಿದರೆ ಕಲೆ, ಜೇನುಕುರುಬ ಕಾಡಿಗೆ ಮರಳಿದರೆ ಒತ್ತುವರಿ!

ಬೆಳಗಾಗೋ ಹೊತ್ತಿಗೆ ಆ ಗೋಡೆಬುಡದ ನಾಯಿಹೇಲು ಬಳಿಯೋರು ನಮ್ಮ ಅಕ್ಕಂದಿರು. ಕಲಾವಿದ ಗೆಳೆಯರೇ, ಇನ್ನೊಂದು ಗೋಡೆ ಸಿಕ್ಕಾಗ ಬೆಕ್ಕನ್ನು ಕೊಂಚ ಪಕ್ಕಕ್ಕೆ ಸರಿಸಿ, ಅವರಿಗೂ ಜೇನುಕುರುಬರಿಗೂ ಜಾಗ ಬಿಡಿ. ಆಗೋದಿಲ್ಲವೋ, ಕುಂಚ ಇತ್ತ ಕೊಡಿ, ನಾವೇ ಬರೀತೀವಿ.